ಎಂಟು ಗಂಟಿನ ಜಾಹೀರಾತು

ಅಮ್ಮ ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಾಳೆ. ಮಗ್ಗುಲಲ್ಲಿ ಮೊಗ್ಗಿನ ಬುಟ್ಟಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದ ಬಾಳೆನಾರು, ಎದುರಿನ ಕಂಬಕ್ಕೆ ಒರಗಿಸಿಟ್ಟ ಮೊಬೈಲು. ಮೊಬೈಲಿನಲ್ಲಿ ಲೂಡೊ. ಆ ಕಡೆಯಿಂದ ಆಡುವವಳು ಸಾಗರದಲ್ಲಿರುವ ಚಿಕ್ಕಮ್ಮ. ಚಿಕ್ಕಂದಿನಲ್ಲಿ ತವರಿನ ಅಟ್ಟದ ಮೇಲೆ ಕವಡೆ ಹಾಕಿ ಚೌಕಾಬಾರ ಆಡಿ, ಒಬ್ಬರ ಕಾಯಿ ಒಬ್ಬರು ಕಡಿದು ಜಗಳವಾಡಿದ ಅಕ್ಕತಂಗಿಯರು ಎಪ್ಪತ್ತರ ಹತ್ತಿರ ಬಂದಮೇಲೆ ಮತ್ತೆ ಅದೇ ಜಗಳಕ್ಕೆ ಕೂತಿದ್ದಾರೆ.

ಆ ಆಟಕ್ಕೆ ನಾಣ್ಯ ಬೇಕು. ಸೋತು ಸೋತು ನಾಣ್ಯ ಮುಗಿದರೆ ಒಂದು ಜಾಹೀರಾತು ನೋಡಬೇಕು. ನೋಡಿದರೆ ನಾಣ್ಯ ಕೊಡುತ್ತಾರೆ. ಅಮ್ಮ ಅದನ್ನು ಒತ್ತಿ, ಮೊಬೈಲನ್ನು ಬೋರಲು ಹಾಕಿ, ಹೂವಿನ ಕಡೆ ತಿರುಗುತ್ತಾಳೆ. ಒಳಗಿಂದ ಯಾರೋ ಹಾಡುತ್ತಾರೆ, ಯಾರೋ ಸಾಲ ಕೊಡುತ್ತೇನೆ ಎನ್ನುತ್ತಾರೆ, ಯಾರೋ ಬಿಸ್ಕತ್ತು ಕಚ್ಚುತ್ತಾರೆ. ಅದು ಅವಳಿಗೆ ಸಂಬಂಧಪಟ್ಟದ್ದಲ್ಲ. ಒಂದು ದಿನ ಕೇಳಿದೆ: “ಎಷ್ಟು ಹೊತ್ತಿನದು ಅಮ್ಮ ಅದು?”

“ಎಂಟು ಗಂಟು” ಎಂದಳು, ತಲೆ ಎತ್ತದೆ.

ಗಡಿಯಾರ ಹಿಡಿದು ನೋಡಿದೆ. ಮೂವತ್ತು ಸೆಕೆಂಡಿನಲ್ಲಿ ಅವಳ ಬೆರಳು ನಾರಿನ ಮೇಲೆ ಎಂಟು ಗಂಟು ಹಾಕುತ್ತದೆ. ಹದಿನೈದು ಸೆಕೆಂಡಿನ ಜಾಹೀರಾತಾದರೆ ನಾಲ್ಕೇ ಗಂಟು. ಇನ್ನೂರು ಚಿಲ್ಲರೆ ರೂಪಾಯಿ ಕಟ್ಟಿದರೆ ಜಾಹೀರಾತೇ ಬರುವುದಿಲ್ಲ, ಕಟ್ಟಿಬಿಡಲೇ ಎಂದು ಕೇಳಿದ್ದಕ್ಕೆ “ಬ್ಯಾಡ ಮಾರಾಯ, ಹೂವು ಕಟ್ಟೋಕೆ ಹೊತ್ತು ಸಿಗ್ತದೆ” ಎಂದಳು.

ಇಷ್ಟು ಸಮಾಧಾನದ ನನ್ನ ತಾಯಿ ಒಂದು ಸಂಜೆ ಸಿಟ್ಟಿನಿಂದ ಮೊಬೈಲನ್ನು ಚಾಪೆಯ ಮೇಲೆ ಎಸೆದಳು. ಮೂರು ದಿನದಿಂದ ಚಿಕ್ಕಮ್ಮನ ಕೈಲಿ ಸೋಲುತ್ತಿದ್ದವಳು ಅವತ್ತು ಗೆದ್ದಿದ್ದಳು. ಕೊನೆಯ ಕಾಯಿ ಮನೆ ಸೇರಿತು. ಸೇರಿದ ಮರುಕ್ಷಣವೇ ಪರದೆ ತುಂಬ ಒಂದು ಜಾಹೀರಾತು ಬಂದು ಕೂತಿತು. ಅದು ತೊಲಗುವಷ್ಟರಲ್ಲಿ ಹಾಸು ಇರಲಿಲ್ಲ, ಕಾಯಿ ಇರಲಿಲ್ಲ, ಇನ್ನೊಂದು ಆಟ ಆಡುತ್ತೀರಾ ಎಂಬ ಪ್ರಶ್ನೆ ಮಾತ್ರ ಇತ್ತು.

“ಗೆದ್ದಿದ್ದನ್ನ ಕಣ್ಣು ತುಂಬ ನೋಡೋಕೂ ಬಿಡ್ಲಿಲ್ಲ ನೋಡು” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಕೇಳಿ ಬರೋದು ಬ್ಯಾರೆ, ನುಗ್ಗಿ ಬರೋದು ಬ್ಯಾರೆ.”

ನಾನು ಇಪ್ಪತ್ತೈದು ವರ್ಷದಿಂದ ವಿಡಿಯೋ ಗೇಮ್ ಆಡುತ್ತಾ ಬಂದವನು. ಆಟದೊಳಗಿನ ಜಾಹೀರಾತಿನ ಬಗ್ಗೆ ಆಟಗಾರರು ಜಗಳವಾಡುವುದನ್ನು ಬಹಳ ಕೇಳಿದ್ದೇನೆ, ನಾನೂ ಆಡಿದ್ದೇನೆ. ಅಮ್ಮನ ಆ ಒಂದು ಮಾತಿನಷ್ಟು ನೇರವಾದ ಮಾತನ್ನು ಬೇರೆಲ್ಲೂ ಕೇಳಿಲ್ಲ.

ಕಾಲೇಜಿನಲ್ಲಿದ್ದಾಗ ಶಿವಮೊಗ್ಗದ ಒಂದು ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಾರು ಓಡಿಸುತ್ತಿದ್ದೆವು. 2004ರಲ್ಲಿ ಬಂದ ‘ನೀಡ್ ಫಾರ್ ಸ್ಪೀಡ್: ಅಂಡರ್‌ಗ್ರೌಂಡ್ 2’. ರಾತ್ರಿಯ ಊರು, ಒದ್ದೆ ರಸ್ತೆ, ರಸ್ತೆಯುದ್ದಕ್ಕೂ ಬಣ್ಣದ ದೀಪ. ಆ ಊರಿನಲ್ಲಿ ಬರ್ಗರ್ ಕಿಂಗ್ ಇತ್ತು, ಬೆಸ್ಟ್ ಬೈ ಎಂಬ ಅಂಗಡಿ ಇತ್ತು. ಸ್ಪರ್ಧೆಗೆ ಕರೆಯುವ ಸಂದೇಶ ಬಂದರೆ ಪರದೆಯ ಮೂಲೆಯಲ್ಲಿ ಸಿಂಗ್ಯುಲರ್ ಎಂಬ ಮೊಬೈಲ್ ಕಂಪನಿಯ ಗುರುತು ಕಾಣುತ್ತಿತ್ತು. ಅವೆಲ್ಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಂದು ನಮಗೆ ಗೊತ್ತೇ ಇರಲಿಲ್ಲ. ಅಮೆರಿಕದ ಊರೆಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆವು. ಬರ್ಗರ್ ಕಿಂಗ್ ಭಾರತಕ್ಕೆ ಬಂದು ಮೊದಲ ಅಂಗಡಿ ತೆರೆದದ್ದು 2014ರ ನವೆಂಬರಿನಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಅದರ ಮುಂದೆ ನೂರಾರು ಸಲ ಕಾರು ತಿರುಗಿಸಿದ್ದೆ. ಬೆಂಗಳೂರಿನಲ್ಲಿ ಮೊದಲ ಸಲ ಆ ಫಲಕ ಕಂಡಾಗ ಬೇಡವೆಂದರೂ ಹಳೆಯ ಪರಿಚಯದವರನ್ನು ಕಂಡಂತಾಯಿತು. ಜಾಹೀರಾತು ಕೊಟ್ಟವರ ದುಡ್ಡು ನನ್ನ ಮಟ್ಟಿಗೆ ವ್ಯರ್ಥವಾಗಲಿಲ್ಲ ಎಂದೇ ಹೇಳಬೇಕು. ನನಗೆ ಅದರ ಮೇಲೆ ಸಿಟ್ಟೂ ಇಲ್ಲ. ಊರೆಂದಮೇಲೆ ಅಂಗಡಿ ಇರಲೇಬೇಕು.

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಫುಟ್‌ಬಾಲ್ ಆಟದ ಹುಚ್ಚು. ಕ್ರೀಡಾಂಗಣದ ಅಂಚಿನಲ್ಲಿ ಸುತ್ತಲೂ ಓಡುವ ಜಾಹೀರಾತು ಹಲಗೆಗಳನ್ನು ತೋರಿಸಿ, “ಇದು ನಿನಗೆ ಕಿರಿಕಿರಿ ಅಲ್ಲವೇನೋ?” ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. “ಅದಿಲ್ದಿದ್ರೆ ಪ್ರಾಕ್ಟೀಸ್ ಗ್ರೌಂಡ್ ಥರ ಇರುತ್ತೆ ಮಾಮ. ಟಿವೀಲಿ ಮ್ಯಾಚ್ ನೋಡೋವಾಗ ಇರುತ್ತಲ್ಲ, ಇದರಲ್ಲೂ ಇರಬೇಕು” ಎಂದ. 1993ರಲ್ಲಿ ಬಂದ ಮೊದಲ ಫಿಫಾ ಆಟದಲ್ಲೇ ಅಡಿಡಾಸ್ ಹಲಗೆ ಇತ್ತು. ಅದಕ್ಕಿಂತ ಹನ್ನೊಂದು ವರ್ಷ ಹಿಂದೆ, 1982ರ ‘ಪೋಲ್ ಪೊಸಿಷನ್’ ಎಂಬ ಕಾರು ಓಟದಲ್ಲಿ ರಸ್ತೆ ಬದಿಗೆ ನಿಜವಾದ ಕಂಪನಿಗಳ ಫಲಕಗಳಿದ್ದವು. ಇನ್ನೂ ಹಿಂದಕ್ಕೆ ಹೋದರೆ ಚಿತ್ರವೇ ಇಲ್ಲದ, ಬರೀ ಅಕ್ಷರದಲ್ಲಿ ಆಡುವ 1978ರ ‘ಅಡ್ವೆಂಚರ್‌ಲ್ಯಾಂಡ್’ ಆಟದಲ್ಲಿ ಅದನ್ನು ಬರೆದ ಸ್ಕಾಟ್ ಆಡಮ್ಸ್ ತನ್ನದೇ ಮುಂದಿನ ಆಟದ ಸುದ್ದಿ ಹಾಕಿದ್ದ. ವಿಡಿಯೋ ಗೇಮಿನ ಜೊತೆಜೊತೆಗೇ ಜಾಹೀರಾತೂ ಬೆಳೆದಿದೆ.

ಇಂಟರ್ನೆಟ್ ಬಂದಮೇಲೆ ಆಟದೊಳಗಿನ ಫಲಕ ಬದಲಾಯಿಸಬಹುದಾದ ಫಲಕವಾಯಿತು. ಆಟ ಮಾರಾಟವಾಗಿ ವರ್ಷವಾದ ಮೇಲೂ ಅದರ ರಸ್ತೆಬದಿಗೆ ಹೊಸ ಜಾಹೀರಾತು ಕಳಿಸಬಹುದು. ಈ ಕೆಲಸಕ್ಕೆಂದೇ ಇದ್ದ ಮಾಸಿವ್ ಎಂಬ ಕಂಪನಿಯನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡು 2010ರಲ್ಲಿ ಮುಚ್ಚಿತು. ನಡುವೆ, 2008ರ ಅಕ್ಟೋಬರಿನಲ್ಲಿ, ಬರಾಕ್ ಒಬಾಮಾ ಅವರ ಚುನಾವಣಾ ಜಾಹೀರಾತು ‘ಬರ್ನ್‌ಔಟ್ ಪ್ಯಾರಡೈಸ್’ ಸೇರಿ 18 ಆಟಗಳಲ್ಲಿ ಕಾಣಿಸಿತು. ಅದೂ ಜಿದ್ದಾಜಿದ್ದಿಯಿದ್ದ ಹತ್ತು ರಾಜ್ಯಗಳ ಆಟಗಾರರಿಗೆ ಮಾತ್ರ. ಮತದಾನ ಶುರುವಾಗಿದೆ ಎಂದು ಹೇಳುವ ಒಂದು ಫಲಕ, ಪಕ್ಕದಲ್ಲಿ ಹಾದುಹೋಗುವ ಕಾರು. ಚುನಾವಣೆಯ ಕಾಲದಲ್ಲಿ ನಮ್ಮೂರ ಗೋಡೆಗಳನ್ನು ನೋಡಿ ಬೆಳೆದ ನನಗೆ ಅದೂ ಸಹಜವಾಗಿಯೇ ಕಂಡಿತು. ರಸ್ತೆಯ ಬದಿಯಲ್ಲಿ ನಿಂತದ್ದು ರಸ್ತೆಗೆ ಅಡ್ಡ ಬರಲಿಲ್ಲ.

ಅಡ್ಡ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಕುಂಟೆಬಿಲ್ಲೆಯ ನೆನಪು ಹೇಳಬೇಕು. ನಮ್ಮ ಮನೆಯ ಅಂಗಳದಲ್ಲಿ ಅಕ್ಕ ಮತ್ತು ಅವಳ ಗೆಳತಿಯರು ಇದ್ದಿಲಿನಿಂದ ಗೆರೆ ಎಳೆದು ಮನೆ ಮಾಡಿಕೊಳ್ಳುತ್ತಿದ್ದರು. ನನ್ನನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದುದು ಅಪರೂಪ. ಆ ಗೆರೆಯೊಳಗೆ ಕಾಲಿಟ್ಟಮೇಲೆ ಅಂಗಳ ಅಂಗಳವಲ್ಲ. ಒಂಟಿ ಕಾಲೇ ಧರ್ಮ. ಬಿಲ್ಲೆ ಗೆರೆಯ ಮೇಲೆ ಬಿತ್ತೋ ಒಳಗೆ ಬಿತ್ತೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಆ ಹೊತ್ತಿಗೆ ಲೋಕದಲ್ಲಿ ಇಲ್ಲ. ಆಗ ತೋಟದಿಂದ ಬಂದ ದೊಡ್ಡವರು ಯಾರಾದರೂ ಹೆಗಲ ಮೇಲೆ ಸೋಗೆಯ ಹೊರೆ ಹೊತ್ತು, ಗೆರೆ ಮೆಟ್ಟಿಕೊಂಡು ಸೀದಾ ಕೊಟ್ಟಿಗೆಗೆ ನಡೆದುಬಿಡುತ್ತಿದ್ದರು. ಹುಡುಗಿಯರೆಲ್ಲ ಒಟ್ಟಿಗೆ ಕಿರುಚುತ್ತಿದ್ದರು. ದೊಡ್ಡವರಿಗೆ ಕಾರಣವೇ ತಿಳಿಯುತ್ತಿರಲಿಲ್ಲ. ಅವರ ಕಣ್ಣಿಗೆ ಗೆರೆ ಕಂಡಿರಲೇ ಇಲ್ಲ. ಡಚ್ ಇತಿಹಾಸಕಾರ ಯೋಹಾನ್ ಹೈಸಿಂಗಾ 1938ರಲ್ಲಿ ‘ಹೋಮೋ ಲುಡೆನ್ಸ್’ ಎಂಬ ಪುಸ್ತಕ ಬರೆದು, ಎಲ್ಲ ಆಟವೂ ಲೋಕದಿಂದ ಬೇರ್ಪಡಿಸಿದ ಒಂದು ಆವರಣದೊಳಗೆ ನಡೆಯುತ್ತದೆ, ಅಲ್ಲಿ ಅಲ್ಲಿಯದೇ ನಿಯಮ ಎಂದು ಹೇಳಿದ. ಅದನ್ನು ಓದಿದಾಗ ನನಗೆ ಕಂಡದ್ದು ಇದ್ದಿಲಿನ ಆ ಗೆರೆ.

2020ರ ಆಗಸ್ಟಿನಲ್ಲಿ ‘ಯುಎಫ್‌ಸಿ 4’ ಎಂಬ ಕಾಳಗದ ಆಟ ಮಾರುಕಟ್ಟೆಗೆ ಬಂತು. ದುಡ್ಡು ಕೊಟ್ಟು ಕೊಳ್ಳುವ ಆಟ. ಈ ಬಗೆಯ ದೊಡ್ಡ ಆಟಗಳಿಗೆ ನಮ್ಮಲ್ಲಿ ಸಾವಿರಗಟ್ಟಲೆ ರೂಪಾಯಿ. ಆ ಕಾಳಗ ನಿಜವಾಗಿ ನಡೆಯುವ ಅಂಕಣದ ನೆಲದ ಮೇಲೇ ಕಂಪನಿಗಳ ಹೆಸರು ಬರೆದಿರುತ್ತದೆ. ಆಟದಲ್ಲೂ ಹಾಗೇ ಇದ್ದರೆ ಯಾರೂ ಮಾತಾಡುವುದಿಲ್ಲ. ಆದರೆ ಆಟ ಬಂದು ಕೆಲವು ವಾರವಾಗಿ, ವಿಮರ್ಶೆಗಳೆಲ್ಲ ಬರೆದು ಮುಗಿದ ಮೇಲೆ, ಒಂದು ಹೊಡೆತವನ್ನು ಮತ್ತೆ ತೋರಿಸುವ ಮೊದಲು ‘ದಿ ಬಾಯ್ಸ್’ ಎಂಬ ವೆಬ್ ಸರಣಿಯ ಜಾಹೀರಾತು ಪರದೆ ತುಂಬ ಬರತೊಡಗಿತು. ಆಟಗಾರರು ಕಿರುಚಿದರು, ಅಂಗಳದ ಹುಡುಗಿಯರ ಹಾಗೇ. ಆಟ ಮಾಡಿದ ಇಎ ಕಂಪನಿ ಆ ಜಾಹೀರಾತನ್ನು ತೆಗೆದುಹಾಕಿ, ಆಟದ ನಡುವೆ ಇಂಥದ್ದು ನಿಮಗೆ ಬೇಡವೆಂದು ಗೊತ್ತಾಯಿತು ಎಂದು ಹೇಳಿತು. ಮರುತಿಂಗಳೇ ‘ಎನ್‌ಬಿಎ 2ಕೆ21’ ಎಂಬ ಬಾಸ್ಕೆಟ್‌ಬಾಲ್ ಆಟದಲ್ಲಿ ಪಂದ್ಯದ ಮುಂಚೆ ದಾಟಿಸಲು ಬಾರದ ಜಾಹೀರಾತು ಬಂದು, ಅಲ್ಲೂ ಅದೇ ಗಲಾಟೆಯಾಯಿತು.

ಇದಕ್ಕೂ ಹಿಂದೆ, 2009ರಲ್ಲಿ, ‘ವೈಪ್‌ಔಟ್ ಎಚ್‌ಡಿ’ ಎಂಬ ಓಟದ ಆಟದಲ್ಲಿ ಓಟ ಶುರುವಾಗುವ ಮೊದಲು ಕಾಯುವ ಪರದೆಗೆ ಜಾಹೀರಾತು ಹಾಕಿದರು. ಕಾಯುವ ಹೊತ್ತು ಹೇಗೂ ಖಾಲಿ, ಯಾರಿಗೂ ತೊಂದರೆಯಿಲ್ಲ ಎಂದು ಅವರ ಎಣಿಕೆ ಇದ್ದಿರಬೇಕು. ಆದರೆ ಜಾಹೀರಾತು ಬಂದಮೇಲೆ ಆ ಕಾಯುವ ಹೊತ್ತೇ ಉದ್ದವಾಯಿತು. ಆಟಗಾರರು ಸೆಕೆಂಡು ಎಣಿಸಿ ತೋರಿಸಿದರು. ಸೋನಿ ಅದನ್ನು ಹಿಂತೆಗೆದುಕೊಂಡಿತು. ಈ ಪ್ರಸಂಗ ನನಗೆ ಬಹಳ ಮುಖ್ಯವೆನಿಸುತ್ತದೆ. ಜಾಹೀರಾತನ್ನು ಸಹಿಸಿಕೊಳ್ಳುತ್ತಿದ್ದ ಜನ ತಮ್ಮ ಹತ್ತು ಸೆಕೆಂಡು ಹೋದದ್ದನ್ನು ಸಹಿಸಲಿಲ್ಲ. ಹೊತ್ತು ಅವರದು, ಅದನ್ನು ಯಾರೂ ಕೇಳಿ ತೆಗೆದುಕೊಂಡಿರಲಿಲ್ಲ.

ನಮ್ಮೂರಿನ ಜಾತ್ರೆಗೆ ಟೆಂಟ್ ಸಿನಿಮಾ ಬರುತ್ತಿತ್ತು. ಸಿನಿಮಾ ಶುರುವಾಗುವ ಮುಂಚೆ ಗಾಜಿನ ಸ್ಲೈಡುಗಳು: ಪೇಟೆಯ ಜವಳಿ ಅಂಗಡಿ, ಬೀಡಿ, ಚಿನ್ನಬೆಳ್ಳಿ ವ್ಯಾಪಾರಿ. ಓದಲು ಬರುವ ಮಕ್ಕಳೆಲ್ಲ ಗಟ್ಟಿಯಾಗಿ ಓದುತ್ತಿದ್ದೆವು. ನಮಗೆ ಅದೂ ಸಿನಿಮಾದ ಒಂದು ಭಾಗ. ಇಂಟರ್‌ವಲ್‌ನಲ್ಲಿ ಮತ್ತೆ ಅವೇ ಸ್ಲೈಡು. ಆದರೆ ನಾಯಕ ಕತ್ತಿ ಎತ್ತಿದಾಗ ಯಾರೂ ಸ್ಲೈಡು ತೂರಿಸಲಿಲ್ಲ. ತೂರಿಸಿದ್ದರೆ ಟೆಂಟು ಉಳಿಯುತ್ತಿರಲಿಲ್ಲ. ಈಗಿನ ಚಿತ್ರಮಂದಿರಗಳಲ್ಲಿ ಆ ಮೊದಲಿನ ಹೊತ್ತೂ ಬೆಳೆಯುತ್ತಾ ಹೋಗಿದೆ. ಹೇಳಿದ ಹೊತ್ತಿಗೆ ಸಿನಿಮಾ ಶುರುಮಾಡದೆ ಸುಮಾರು 25 ನಿಮಿಷ ಜಾಹೀರಾತು ತೋರಿಸಿದರೆಂದು ಪ್ರೇಕ್ಷಕರೊಬ್ಬರು ದೂರು ಕೊಟ್ಟಾಗ, 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಗ್ರಾಹಕ ನ್ಯಾಯಾಲಯ ಅವರಿಗೆ ಪರಿಹಾರ ಕೊಡಿಸಿತು. ಆಮೇಲೆ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇನೇ ಇರಲಿ, ಹೊತ್ತಿಗೂ ಬೆಲೆಯಿದೆ ಎಂದು ಒಬ್ಬರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನನಗೆ ಗೌರವದ ವಿಷಯ.

ಆಟಕ್ಕೆ ಹೊಂದುವ ಜಾಹೀರಾತು ಯಾವುದು ಎಂದು ಹೇಳುವುದು ಎಲ್ಲ ಸಲವೂ ಸುಲಭವಲ್ಲ. 2016ರ ‘ಫೈನಲ್ ಫ್ಯಾಂಟಸಿ 15’ರಲ್ಲಿ ನಾಲ್ವರು ಗೆಳೆಯರು ಊರೂರು ಅಲೆಯುತ್ತಾರೆ, ರಾತ್ರಿ ಡೇರೆ ಹಾಕಿ ಅಡುಗೆ ಮಾಡಿಕೊಳ್ಳುತ್ತಾರೆ. ಅಂಥ ತಿರುಗಾಟದಲ್ಲಿ ಕಪ್ ನೂಡಲ್ಸ್ ಇದ್ದರೆ ಅದು ಕತೆಗೆ ಒಗ್ಗುತ್ತದೆ, ಹಾಸ್ಟೆಲಿನಲ್ಲಿದ್ದವರಿಗೆ ಕೇಳಿ. ಆದರೆ ಗೆಳೆಯನೊಬ್ಬ ನಿಂತು ಅದರ ಗುಣಗಾನ ಮಾಡತೊಡಗಿದಾಗ ನನ್ನ ಪಕ್ಕ ನಿಂತವನು ಗೆಳೆಯನಲ್ಲ, ಅಂಗಡಿಯವನು ಎನಿಸಿಬಿಟ್ಟಿತು. 2019ರ ‘ಡೆತ್ ಸ್ಟ್ರಾಂಡಿಂಗ್’ನಲ್ಲಿ ಹಾಳುಬಿದ್ದ ಲೋಕದಲ್ಲಿ ಹೊರೆ ಹೊತ್ತು ನಡೆಯುವ ಒಂಟಿ ಮನುಷ್ಯ ಮಾನ್‌ಸ್ಟರ್ ಪಾನೀಯ ಕುಡಿಯುತ್ತಾನೆ. ನಾಗರಿಕತೆಯೇ ಮುರಿದಿದೆ, ಡಬ್ಬಿ ಮಾತ್ರ ಹೊಳೆಯುತ್ತಿದೆ. ಎರಡು ವರ್ಷದ ಮೇಲೆ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಆ ಹೆಸರು ಹೋಗಿ, ಕತೆಯೊಳಗಿನದೇ ಒಂದು ಕಲ್ಪಿತ ಪಾನೀಯ ಬಂತು. ಆ ಲೋಕ ಆಗ ಸರಿಹೋಯಿತು ಎಂದೇ ನನ್ನ ಅಭಿಪ್ರಾಯ.

ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಅಂಗಡಿಯ ನಿಯಮ ಈ ವಿಷಯದಲ್ಲಿ ನನಗೆ ಮೆಚ್ಚುಗೆ. ಜಾಹೀರಾತು ನೋಡಿದರೆ ಮಾತ್ರ ಆಡಬಹುದು ಎನ್ನುವ ಆಟಕ್ಕೆ ಅಲ್ಲಿ ಜಾಗವಿಲ್ಲ. ನೋಡಿದ್ದಕ್ಕೆ ಬಹುಮಾನ ಕೊಡುವುದೂ ಇಲ್ಲ. ಕಾರು ಓಟದ ಆಟದಲ್ಲಿ ಕಾರಿನ ಮೈಮೇಲೆ ನಿಜವಾದ ಪ್ರಾಯೋಜಕರ ಹೆಸರಿದ್ದರೆ ಅಡ್ಡಿಯಿಲ್ಲ. ಅಕ್ಕನ ಮಗ ಹೇಳಿದ್ದೂ ಅದನ್ನೇ.

ಆದರೆ ಸ್ಟೀಮ್‌ನಲ್ಲಿ ಆಡುವವರು ಕೊಂಡು ಆಡಬಲ್ಲವರು. ನಮ್ಮ ದೇಶದಲ್ಲಿ ಬಹುಪಾಲು ಜನ ಆಡುವುದು ಮೊಬೈಲಿನಲ್ಲಿ, ಪುಕ್ಕಟೆ. ಕಾಸು ಕೇಳದ ಆಟಕ್ಕೆ ಜಾಹೀರಾತೇ ಅನ್ನ. ಅದನ್ನು ಮಾಡಿದವರ ಮನೆಯಲ್ಲೂ ಒಲೆ ಉರಿಯಬೇಕು. ವಿಯೆಟ್ನಾಂನ ಡಾಂಗ್ ನ್ಯೂಯೆನ್ ಒಬ್ಬನೇ ಕೂತು ಮಾಡಿದ ‘ಫ್ಲಾಪಿ ಬರ್ಡ್’ 2013ರಲ್ಲಿ ಬಂತು. ಮರುವರ್ಷದ ಆರಂಭಕ್ಕೆ ದಿನಕ್ಕೆ 50,000 ಡಾಲರಿನಷ್ಟು ಜಾಹೀರಾತು ಹಣ ತರುತ್ತಿತ್ತು. ಪರದೆಯ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ, ಅಷ್ಟೇ. ಹಕ್ಕಿಯ ದಾರಿಗೆ ಅದು ಅಡ್ಡ ಬರಲಿಲ್ಲ. ಜನ ಅದರ ಗೀಳಿಗೆ ಬಿದ್ದದ್ದು ಕಂಡು ಅವನೇ 2014ರ ಫೆಬ್ರವರಿಯಲ್ಲಿ ಆಟವನ್ನು ಹಿಂತೆಗೆದುಕೊಂಡ. ಆ ಸಣ್ಣ ಪಟ್ಟಿಯ ಕಾಲ ಹೋಗಿ ವಿಡಿಯೋ ಜಾಹೀರಾತಿನ ಕಾಲ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ನಮ್ಮೂರ ಜಗಲಿಗಳಿಗೂ ಅದು ತಲುಪಿತು.

ಅಮ್ಮನ ಬೋರಲು ಮೊಬೈಲಿನೊಳಗೆ ಏನು ನಡೆಯುತ್ತದೆ ಎಂದು ಒಮ್ಮೆ ಅವಳಿಗೆ ವಿವರಿಸಿದೆ. ನೀನು ಆ ಗುಂಡಿ ಒತ್ತುವ ಹೊತ್ತಿಗೆ ಒಂದು ಹರಾಜು ನಡೆಯುತ್ತದೆ ಅಮ್ಮ. ಇಂಥ ಫೋನು, ಇಂಥ ಊರಿನ ಕಡೆಯದು, ಇಂಥ ಆಟ ಆಡುವವರು, ಇವರಿಗೆ ತೋರಿಸಲು ಯಾರು ಎಷ್ಟು ಕೊಡುತ್ತೀರಿ ಎಂದು ಕೇಳುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಲೆ ಕೂಗಿ ಮುಗಿದಿರುತ್ತದೆ. ಸಾವಿರ ಸಲ ತೋರಿಸಿದರೆ ಇಷ್ಟು ಎಂದು ಲೆಕ್ಕ. ಅದಕ್ಕಿಂತ ಹೆಚ್ಚು ದುಡ್ಡು ಬರುವುದು ನೀನು ಅದನ್ನು ಒತ್ತಿ ಹೊಸ ಆಟ ಇಳಿಸಿಕೊಂಡರೆ. ಅದಕ್ಕೇ ಆಟದೊಳಗೆ ಇನ್ನೊಂದು ಆಟದ ಜಾಹೀರಾತೇ ಹೆಚ್ಚು. ಅಮ್ಮ ಗಮನವಿಟ್ಟು ಕೇಳಿದಳು. ಅಡಿಕೆ ಮಂಡಿಯ ಹರಾಜು ಕಂಡ ಮನೆಯವಳು ಅವಳು. “ಹಂಗಾದ್ರೆ ನನ್ನ ಹೊತ್ತಿಗೆ ರೇಟು ಅದೆ ಅಂತಾಯ್ತು” ಎಂದಳು.

ರೇಟು ಇದೆ. ಅದರಲ್ಲಿ ಒಂದು ಪಾಲು ಅವಳಿಗೆ ನಾಣ್ಯವಾಗಿ ಸಿಗುತ್ತದೆ. ಕೇಳಿ ಬರುವ ಜಾಹೀರಾತಿನ ಮರ್ಮ ಇದು. ಅಲ್ಲಿ ಗುಂಡಿ ಒತ್ತುವವಳು ಅವಳು, ಒತ್ತದಿದ್ದರೆ ಬಲವಂತವಿಲ್ಲ, ಒತ್ತಿದರೆ ಏನು ಸಿಗುತ್ತದೆ ಎಂಬುದು ಮೊದಲೇ ಗೊತ್ತು. ಆಟಗಾರರಲ್ಲಿ ಬಹಳ ಜನ ಈ ಬಗೆಯನ್ನು ಒಪ್ಪಿಕೊಂಡಿರುವುದನ್ನು ನಾನು ಕಂಡಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತ ಹುಡುಗ ಇನ್ನೊಂದು ಜೀವಕ್ಕಾಗಿ ಜಾಹೀರಾತು ಒತ್ತಿ, ಕಿಟಕಿಯಾಚೆ ಗದ್ದೆ ನೋಡಿ, ಮತ್ತೆ ಆಟಕ್ಕೆ ಮರಳುತ್ತಾನೆ. ಮುಖದಲ್ಲಿ ಸಿಟ್ಟಿಲ್ಲ. ಅದೇ ಹುಡುಗನಿಗೆ ಓಟದ ನಡುವೆ ಜಾಹೀರಾತು ನುಗ್ಗಿದರೆ ಡೇಟಾ ಆಫ್ ಮಾಡಿಬಿಡುತ್ತಾನೆ. ಡೇಟಾ ಆಫ್ ಮಾಡಿ ಆಡುವ ಉಪಾಯ ಎಲ್ಲ ಮನೆಯ ಮಕ್ಕಳಿಗೂ ಗೊತ್ತು. ಯಾರೂ ಕಲಿಸಿದ್ದಲ್ಲ. ಈಗ ಕೆಲವು ಆಟಗಳು ಇಂಟರ್ನೆಟ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ.

ಗೂಗಲ್ ತನ್ನ ಪ್ಲೇ ಸ್ಟೋರಿಗೆ 2022ರ ಸೆಪ್ಟೆಂಬರಿನಿಂದ ಒಂದು ನಿಯಮ ತಂದಿತು: ಆಡುತ್ತಿರುವಾಗ ಅನಿರೀಕ್ಷಿತವಾಗಿ ಪರದೆ ತುಂಬ ಜಾಹೀರಾತು ಬರಬಾರದು, ಹದಿನೈದು ಸೆಕೆಂಡಾದ ಮೇಲೆ ಮುಚ್ಚಲು ಬರಲೇಬೇಕು. ಬಳಕೆದಾರರೇ ಬೇಕೆಂದು ಒತ್ತಿದ್ದಕ್ಕೆ ಈ ಮಿತಿಯಿಲ್ಲ. ಕೇಳಿ ಬರುವುದು ಎಂಟು ಗಂಟು, ನುಗ್ಗಿ ಬರುವುದು ನಾಲ್ಕು ಗಂಟು ಎಂದು ಅಮ್ಮನ ಭಾಷೆಯಲ್ಲಿ ಹೇಳಬಹುದು.

ದೊಡ್ಡವರ ವಿಷಯದಲ್ಲಿ ನಾನು ಇಷ್ಟಕ್ಕೆ ಸಮಾಧಾನಪಡುತ್ತೇನೆ. ನನ್ನ ಮಗಳ ವಿಷಯದಲ್ಲಿ ಆಗುವುದಿಲ್ಲ.

ಅವಳಿಗೆ ಏಳು ವರ್ಷ. ಚಿತ್ರಕ್ಕೆ ಬಣ್ಣ ತುಂಬುವ ಒಂದು ಆಟ ಇಟ್ಟುಕೊಂಡಿದ್ದಳು. ನವಿಲಿನ ಗರಿಗೆ ಒಂದೊಂದೇ ಬಣ್ಣ ಹಾಕುತ್ತಿದ್ದಾಗ ಜಾಹೀರಾತು ಬಂತು. ಮುಚ್ಚಲು ಮೂಲೆಯಲ್ಲಿ ಇಂಟು ಮಾರ್ಕ್ ಇತ್ತು. ಸಾಸಿವೆ ಕಾಳಿನಷ್ಟು. ಒತ್ತಿದಳು, ಅದು ಮುಚ್ಚುವ ಗುರುತಲ್ಲ, ಚಿತ್ರದ ಭಾಗ. ಇನ್ನೊಂದು ಆಟವನ್ನು ಇಳಿಸಿಕೊಳ್ಳುವ ಪುಟ ತೆರೆಯಿತು. ವಾಪಸು ಬಂದಳು, ಮತ್ತೆ ಒತ್ತಿದಳು, ಮತ್ತೆ ಅದೇ ಪುಟ. ಮೂರನೇ ಸಲಕ್ಕೆ ಫೋನು ಹಿಡಿದು ನನ್ನ ಹತ್ತಿರ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು.

“ಅಪ್ಪ, ನಾನು ತಪ್ಪು ತಪ್ಪು ಒತ್ತುತ್ತಾ ಇದ್ದೀನಿ” ಎಂದಳು.

ತಪ್ಪು ಅವಳದಲ್ಲ ಎಂದು ಎಷ್ಟು ಹೇಳಿದರೂ ಆ ದಿನ ಅವಳಿಗೆ ನಂಬಿಕೆ ಬರಲಿಲ್ಲ. ಆಟದಲ್ಲಿ ಗೆಲ್ಲದಿದ್ದರೆ ತಾನು ಸರಿಯಾಗಿ ಆಡಲಿಲ್ಲ ಎಂದು ತಾನೇ ಮಗು ಕಲಿತಿರುವುದು? ಜಾಹೀರಾತು ಎಲ್ಲಿ ಮುಗಿಯಿತು, ಆಟ ಎಲ್ಲಿ ಶುರುವಾಯಿತು ಎಂಬ ಗೆರೆ ನನಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ಕಾಣಬಾರದೆಂದೇ ಅದನ್ನು ಅಳಿಸಿದವರು ಯಾರೋ ಇದ್ದಾರೆ. ತೋಟದಿಂದ ಬಂದ ದೊಡ್ಡವರು ಗೆರೆ ಮೆಟ್ಟಿದ್ದು ತಿಳಿಯದೆ. ಇವರು ತಿಳಿದೇ ಮೆಟ್ಟುತ್ತಾರೆ. ನನ್ನ ಸಿಟ್ಟು ಇಲ್ಲಿದೆ.

ಇನ್ನೊಂದು ವಿಷಯ. ಅದೇ ಬಣ್ಣದ ಆಟದಲ್ಲಿ ನವಿಲಿನ ನಂತರ ಬಂದದ್ದು ಹಣ ಕಟ್ಟಿ ಇಸ್ಪೀಟು ಆಡುವ ಜಾಹೀರಾತು. ಏಳು ವರ್ಷದ ಮಗುವಿಗೆ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಒಪ್ಪಿ, ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಕರ್ನಾಟಕ 2021ರಲ್ಲೇ ಇಂಥ ಆಟಗಳ ವಿರುದ್ಧ ಕಾಯ್ದೆ ಮಾಡಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತ್ತು. ಕಾಯ್ದೆಯ ಒಳಿತು ಕೆಡುಕಿನ ಚರ್ಚೆ ಕಾನೂನು ಬಲ್ಲವರಿಗೆ ಬಿಟ್ಟದ್ದು. ಮಗುವಿನ ನವಿಲಿನ ಪಕ್ಕ ಇಸ್ಪೀಟು ಇರಕೂಡದು ಎನ್ನಲು ಕಾನೂನು ಓದಬೇಕಿಲ್ಲ.

ಸುಳ್ಳು ಹೇಳುವ ಜಾಹೀರಾತೂ ಇದೆ. ಬೆಂಕಿ, ನೀರು, ನಡುವೆ ಸಿಕ್ಕಿಕೊಂಡ ಮನುಷ್ಯ, ಕಡ್ಡಿ ಎಳೆದು ಅವನನ್ನು ಉಳಿಸಬೇಕು ಎನ್ನುವ ಆಟದ ಚಿತ್ರ ನೀವೂ ಕಂಡಿರಬಹುದು. ‘ಹೋಮ್‌ಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಎಂಬ ಹೆಸರಾಂತ ಆಟಗಳ ಇಂಥ ಜಾಹೀರಾತುಗಳನ್ನು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2020ರಲ್ಲಿ ತಡೆಯಿತು. ಜಾಹೀರಾತಿನಲ್ಲಿ ತೋರಿಸಿದ ಆಟವೇ ಬೇರೆ, ಇಳಿಸಿಕೊಂಡರೆ ಸಿಗುವ ಆಟವೇ ಬೇರೆ ಎಂಬುದು ಕಾರಣ. ನಮ್ಮ ದೇಶದಲ್ಲೂ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಕುಟಿಲ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿ ತಂದಿದೆ. ಜಾಹೀರಾತನ್ನು ಬೇರೇನೋ ಎಂಬಂತೆ ವೇಷ ಹಾಕಿ ತೋರಿಸುವುದು ಅದರಲ್ಲೊಂದು. ಅದೇ ವರ್ಷದ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ನಡವಳಿಕೆಯನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ಗುರಿಯಿಡುವುದು ಸಲ್ಲದು ಎನ್ನುತ್ತದೆ. ಕಾಗದದ ಮೇಲೆ ಗೆರೆ ಎಳೆದಾಗಿದೆ.

ಆ ಬಣ್ಣದ ಆಟವನ್ನು ಅಳಿಸಿಹಾಕಿದೆವು. ಮಗಳು ಈಗ ಅಜ್ಜಿಯ ಪಕ್ಕ ಕೂತು ಲೂಡೊ ನೋಡುತ್ತಾಳೆ. ಜಾಹೀರಾತು ಬಂದಾಗ ಮೊಬೈಲನ್ನು ಬೋರಲು ಹಾಕುವ ಕೆಲಸ ಅವಳದು. ಗಂಟು ಎಣಿಸುವುದೂ ಅವಳೇ. ನಾರು ಹಿಡಿಯುವುದನ್ನು ಅಜ್ಜಿ ಕಲಿಸುತ್ತಿದ್ದಾಳೆ. ಅವಳ ಬೆರಳಿಗೆ ಒಂದು ಜಾಹೀರಾತಿಗೆ ಎರಡು ಗಂಟು ಬಂದರೆ ಹೆಚ್ಚು.

ಬೆಂಗಳೂರಿನಲ್ಲಿ ಆಟ ಮಾಡುವ ಕಂಪನಿಗಳು ಬಹಳ ಇವೆ. ಅಲ್ಲಿ ಕನ್ನಡದ ಹುಡುಗ ಹುಡುಗಿಯರು ಕೂತು ಯಾವ ಜಾಹೀರಾತು ಯಾವ ಹೊತ್ತಿಗೆ ಬರಬೇಕು ಎಂದು ದಿನವೂ ತೀರ್ಮಾನ ಮಾಡುತ್ತಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದು ಎರಡೇ ಕೋರಿಕೆ. ಗೆದ್ದವರಿಗೆ ತಮ್ಮ ಗೆಲುವನ್ನು ನೋಡಲು ಒಂದು ಗಂಟಿನಷ್ಟು ಹೊತ್ತು ಬಿಡಿ, ಆಮೇಲೆ ನಿಮ್ಮ ಜಾಹೀರಾತು ಬರಲಿ. ಮಕ್ಕಳ ಆಟದಲ್ಲಿ ಇಂಟು ಮಾರ್ಕನ್ನು ಒಂದು ಮಗುವಿನ ಬೆರಳಿನಷ್ಟು ದೊಡ್ಡದು ಮಾಡಿ.